ಪಹಣಿಯ ಹನ್ನೆರಡನೇ ಕಾಲಂ

ಪೀಣ್ಯ ದಾಟಿ ನೆಲಮಂಗಲದ ಕಡೆಗೆ ಹೊರಟರೆ ಮಾದನಾಯಕನಹಳ್ಳಿ ಸಿಗುತ್ತದೆ. ಅಲ್ಲಿ ತುಮಕೂರು ರಸ್ತೆಗೆ ಮುಖ ಮಾಡಿಕೊಂಡು ಒಂದು ಜೆರಾಕ್ಸ್ ಅಂಗಡಿಯಿದೆ. ಲಾರಿಗಳ ಓಡಾಟಕ್ಕೆ ಅದರ ಗಾಜಿನ ಬಾಗಿಲು ದಿನವಿಡೀ ಅದುರುತ್ತಲೇ ಇರುತ್ತದೆ. ಆಧಾರ್ ಪ್ರತಿ, ಬ್ಯಾಂಕಿನ ಪಾಸ್‌ಬುಕ್ಕು, ಕಾರ್ಖಾನೆಯ ಕೆಲಸಕ್ಕೆ ಹಾಕುವ ಅರ್ಜಿ ಇವೆಲ್ಲದರ ನಡುವೆ ಅಲ್ಲಿ ಪಹಣಿಯೂ ಮುದ್ರಣವಾಗುತ್ತದೆ. ಹೋದ ತಿಂಗಳು ನನ್ನ ಮುಂದೆ ನಿಂತಿದ್ದವರೊಬ್ಬರು ತಮ್ಮ ಪಹಣಿಯನ್ನು ಕೈಯಲ್ಲಿ ಹಿಡಿದು ನಗುತ್ತಿದ್ದರು. ಅವರ ಜಮೀನಿನಲ್ಲಿ ಈಗ ತಗಡಿನ ಗೋದಾಮಿದೆ, ಅದರ ಮುಂದೆ ಕಂಟೇನರ್ ಲಾರಿಗಳು ನಿಲ್ಲುತ್ತವೆ. ಪಹಣಿಯ ಬೆಳೆ ಕಾಲಂನಲ್ಲಿ ಮಾತ್ರ ಇನ್ನೂ ರಾಗಿ ಬೆಳೆಯುತ್ತಿದೆ.

ಆ ನಗೆಯನ್ನು ನಾನು ಮನೆಗೆ ಹೊತ್ತುಕೊಂಡು ಬಂದೆ. ಅದಕ್ಕೆ ಕಾರಣವಿತ್ತು. ನಾನು ಸಂಜೆ ಕಾಲೇಜೊಂದರಲ್ಲಿ ಎಂಬಿಎ ವಿದ್ಯಾರ್ಥಿಗಳಿಗೆ ಎಂಐಎಸ್, ಅಂದರೆ ನಿರ್ವಹಣಾ ಮಾಹಿತಿ ವ್ಯವಸ್ಥೆಗಳ ಪಾಠ ಮಾಡುತ್ತೇನೆ. ಆ ವಾರವೇ ಒಬ್ಬ ವಿದ್ಯಾರ್ಥಿನಿ ತನ್ನ ಕಿರುಪ್ರಬಂಧದ ಕರಡನ್ನು ತಂದಿದ್ದಳು. ಹಗಲು ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ, ರಾತ್ರಿ ಓದು. ಆಕೆ ಆರಿಸಿಕೊಂಡ ವಿಷಯ ಕರ್ನಾಟಕದ ಭೂದಾಖಲೆಗಳ ಗಣಕೀಕರಣ. ಅರವತ್ತಕ್ಕೂ ಹೆಚ್ಚು ಲೇಖನಗಳನ್ನು ಓದಿ ಒಂದೊಂದಕ್ಕೆ ಒಂದೊಂದು ಪ್ಯಾರಾ ಬರೆದಿದ್ದಳು. ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ, ಇನ್ನೊಬ್ಬರು ಇದನ್ನು ಒಪ್ಪುವುದಿಲ್ಲ. ಓದುತ್ತಾ ಹೋದರೆ ಮದುವೆಮನೆಯ ಮುಯ್ಯಿ ಪಟ್ಟಿಯಂತಿತ್ತು. ‘ಚೌಕಟ್ಟು ಎಲ್ಲಮ್ಮಾ?’ ಎಂದು ಕೇಳಿದೆ. ‘ಸಾರ್, ಚೌಕಟ್ಟು ಅಂದರೆ ಕೊನೆಗೆ ಹಾಕೋ ಆ ಬಾಕ್ಸು, ಬಾಣದ ಗುರುತು ತಾನೇ? ಹಾಕ್ತೀನಿ’ ಅಂದಳು.

ಅವಳ ತಪ್ಪೇನೂ ಇಲ್ಲ. ನಾವು ಅದನ್ನು ಹಾಗೆಯೇ ಕಲಿಸಿದ್ದೇವೆ. ಪರಿಕಲ್ಪನಾ ಚೌಕಟ್ಟು ಎಂದರೆ ಪ್ರಬಂಧದ ಎರಡನೇ ಅಧ್ಯಾಯದ ಕೊನೆಗೆ ಬರುವ ಒಂದು ಚಿತ್ರ, ಪರೀಕ್ಷಕರು ಕೇಳುತ್ತಾರೆಂದು ಅಂಟಿಸುವ ಒಂದು ಚೀಟಿ. ಅದು ಹಾಗಲ್ಲ ಎಂದು ಅವಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗಲೇ ಆ ರಾಗಿಯ ಪಹಣಿ ಕಣ್ಣಿಗೆ ಬಿದ್ದದ್ದು. ಅವಳ ವಿಷಯವೂ ಪಹಣಿ, ಉತ್ತರವೂ ಪಹಣಿಯಲ್ಲೇ ಇತ್ತು.

ಪಹಣಿ ಎಂಬ ಮಾತು ನಮಗೆ ಮರಾಠಿಯಿಂದ ಬಂದದ್ದು. ಅಲ್ಲಿ ಪಾಹಣೆ ಎಂದರೆ ನೋಡುವುದು. ಹೊಲಕ್ಕೆ ಹೋಗಿ, ಏನು ಬೆಳೆದಿದೆ, ಯಾರು ಬೆಳೆದಿದ್ದಾರೆ ಎಂದು ಕಣ್ಣಾರೆ ನೋಡಿ ಬರೆದುಕೊಳ್ಳುವುದು ಪಹಣಿ. ಮೊದಲು ಅದು ಒಂದು ಕೆಲಸದ ಹೆಸರಾಗಿತ್ತು, ಆಮೇಲೆ ಆ ಕೆಲಸದಿಂದ ಹುಟ್ಟಿದ ಕಾಗದದ ಹೆಸರಾಯಿತು. ಸಂಶೋಧನೆಯಲ್ಲಿ ನಾವು ಚೌಕಟ್ಟು ಎನ್ನುವುದಕ್ಕೂ ಇದೇ ಗತಿಯಾಗಿದೆ. ಅದು ಮೊದಲು ನೋಡುವ ಒಂದು ರೀತಿ, ಆಮೇಲೆ ಪುಟದ ಮೇಲಿನ ಚಿತ್ರ. ನೋಡುವುದನ್ನು ಮರೆತು ಚಿತ್ರವನ್ನಷ್ಟೇ ಉಳಿಸಿಕೊಂಡರೆ ಗೋದಾಮಿನ ನೆತ್ತಿಯ ಮೇಲೂ ರಾಗಿ ಬೆಳೆಯುತ್ತದೆ.

ನಮ್ಮ ನಾಡಿನಲ್ಲಿ ಇಂಥ ನೋಡುವಿಕೆಗೆ ದೀರ್ಘ ಇತಿಹಾಸವಿದೆ. ಶಾನುಭೋಗರ ಕಡತ ಅದರ ಹಳೆಯ ರೂಪ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕ. ಅದರಲ್ಲಿ ಊರಿನ ಲೆಕ್ಕವೆಲ್ಲ ಇರುತ್ತಿತ್ತು, ಆದರೆ ಅದನ್ನು ಓದಬಲ್ಲವರು ಹೆಚ್ಚಾಗಿ ಬರೆದ ಮನೆತನದವರೇ. ಮೈಸೂರು ಸಂಸ್ಥಾನದಲ್ಲಿ 1863ರಿಂದ ಮುಂಬಯಿ ಪದ್ಧತಿಯಂತೆ ಭೂಮಾಪನ, ಕಂದಾಯ ನಿಗದಿ ಶುರುವಾಯಿತು. ಹೊಲಕ್ಕೆ ಸರ್ವೆ ನಂಬರು ಬಂತು, ನಕ್ಷೆ ಬಂತು, ಎಲ್ಲ ಊರಿಗೂ ಒಂದೇ ಬಗೆಯ ನಮೂನೆ ಬಂತು. 1963ರ ಫೆಬ್ರುವರಿಯಲ್ಲಿ ವಂಶಪಾರಂಪರ್ಯವಾದ ಶಾನುಭೋಗಿಕೆ, ಪಟೇಲಿಕೆಗಳು ಕಾನೂನಿನಿಂದ ರದ್ದಾದವು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಅವರ ಕೈಗೆ ಬಂದ ಪಹಣಿ ಪತ್ರಿಕೆಯೇ, ನಮೂನೆ 16, ಇಂದಿಗೂ ಆ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಣವಾಗುವ ಕಾಗದದ ತಾಯಿ.

ಆ ಕಾಗದವನ್ನು ಒಂದು ಮಾಹಿತಿ ವ್ಯವಸ್ಥೆಯೆಂದು ನೋಡಿ. ಸಾಲಿಗೊಂದು ಹೊಲ, ಕಾಲಂಗೊಂದು ಪ್ರಶ್ನೆ. ಒಂಬತ್ತನೇ ಕಾಲಂ: ಸ್ವಾಧೀನದಾರ ಯಾರು? ಹನ್ನೊಂದು: ಇದರ ಮೇಲೆ ಇತರರ ಹಕ್ಕೇನು, ಸಾಲವೇನು? ಹನ್ನೆರಡು: ಸಾಗುವಳಿ ಮಾಡುತ್ತಿರುವವರು ಯಾರು, ಏನು ಬೆಳೆದಿದ್ದಾರೆ? ಕಾಲಂ ಇರುವ ಸಂಗತಿ ಸರ್ಕಾರದ ಕಣ್ಣಿಗೆ ಬೀಳುತ್ತದೆ. ಕಾಲಂ ಇಲ್ಲದ್ದು ಬೀಳುವುದಿಲ್ಲ. ಹೊಲದ ಬದುವಿನ ಮೇಲಿನ ಹುಣಸೆಮರದ ಹಣ್ಣನ್ನು ಯಾರು ಆರಿಸಿಕೊಳ್ಳಬೇಕೆಂಬ ರೂಢಿಗೆ ಕಾಲಂ ಇಲ್ಲ. ಯಾವ ತೋಟದ ಬಾವಿಯಿಂದ ಯಾವ ವಾರ ಯಾರಿಗೆ ನೀರು ಎಂಬ ಬಾಯಿಮಾತಿನ ಸರದಿಗೂ ಇಲ್ಲ. ಅವು ಸುಳ್ಳೆಂದಲ್ಲ. ನಮೂನೆ ಮಾಡಿದವರಿಗೆ ಅವು ಬೇಕಿರಲಿಲ್ಲ.

ಇನ್ನು ಎಂಐಎಸ್ ಎಂಬ ಶಾಸ್ತ್ರಕ್ಕೆ ಬರೋಣ. ಅದಕ್ಕೂ ಒಂದು ಕಾಲದಲ್ಲಿ ಕಾಲಂಗಳಿರಲಿಲ್ಲ. 1950ರ ದಶಕದ ಕೊನೆಗೆ ಅಮೆರಿಕದ ಕಂಪನಿಗಳಿಗೆ ಕಂಪ್ಯೂಟರುಗಳು ಬಂದಾಗ ಸಂಬಳದ ಪಟ್ಟಿ, ದಾಸ್ತಾನು, ಬಿಲ್ಲುಗಳ ಕೆಲಸ ಬೇಗನೆ ಯಂತ್ರಕ್ಕೆ ಹೋಯಿತು. ಮುಂದೆ ಏನು? ಕಂಪನಿಯ ಮಾಹಿತಿಯನ್ನೆಲ್ಲ ಒಂದೇ ಯಂತ್ರದಲ್ಲಿ ತುಂಬಿದರೆ ಮೇಲಿನ ಅಧಿಕಾರಿ ಗುಂಡಿ ಒತ್ತಿ ನಿರ್ಧಾರ ತೆಗೆದುಕೊಳ್ಳಬಹುದು ಎಂಬ ಕನಸು ಹಬ್ಬಿತು. 1967ರಲ್ಲಿ ರಸೆಲ್ ಎಕಾಫ್ ಆ ಕನಸಿಗೆ ತಣ್ಣೀರು ಎರಚಿದರು. ಅಧಿಕಾರಿಗಳ ಕಷ್ಟ ಮಾಹಿತಿಯ ಕೊರತೆಯಷ್ಟೇ ಅಲ್ಲ, ಬೇಡದ ಮಾಹಿತಿಯ ಹೊರೆ ಎಂದರು. ಹೊಸ ಯಂತ್ರ, ಹೊಸ ಉತ್ಸಾಹ, ರಾಶಿ ರಾಶಿ ಬರಹ. ಆದರೆ ಯಾವುದು ಯಾವುದರ ಪಕ್ಕ ಕೂರಬೇಕೆಂದು ಹೇಳುವವರಿಲ್ಲ.

ದಾರಿ ತೋರಿಸಿದವು ಎರಡು ಹಳೆಯ ಯೋಚನೆಗಳು. ಹರ್ಬರ್ಟ್ ಸೈಮನ್ 1960ರಲ್ಲಿ ನಿರ್ಧಾರಗಳಲ್ಲಿ ಎರಡು ತುದಿಗಳನ್ನು ಗುರುತಿಸಿದ್ದರು. ಸೂತ್ರಕ್ಕೆ ಸಿಗುವಂಥವು ಒಂದು ಕಡೆ, ಪ್ರತಿ ಸಲವೂ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಾದವು ಇನ್ನೊಂದು ಕಡೆ. ಹಾರ್ವರ್ಡಿನ ರಾಬರ್ಟ್ ಆಂಟನಿ 1965ರಲ್ಲಿ ಸಂಸ್ಥೆಯೊಳಗಿನ ಕೆಲಸವನ್ನು ಮೂರು ಮಟ್ಟಗಳಾಗಿ ವಿಂಗಡಿಸಿದ್ದರು: ಮೇಲೆ ದೂರದೃಷ್ಟಿಯ ಯೋಜನೆ, ನಡುವೆ ನಿರ್ವಹಣೆಯ ಹತೋಟಿ, ಕೆಳಗೆ ದಿನದ ಕೆಲಸದ ಹತೋಟಿ. 1971ರಲ್ಲಿ ಎಂಐಟಿಯ ಆಂಟನಿ ಗೋರಿ ಮತ್ತು ಮೈಕೆಲ್ ಸ್ಕಾಟ್ ಮಾರ್ಟನ್ ಈ ಎರಡನ್ನೂ ಅಡ್ಡ ಮತ್ತು ಉದ್ದಕ್ಕೆ ಇಟ್ಟು ಒಂದು ಪಟ್ಟಿ ಎಳೆದರು. ಪಟ್ಟಿ ಎಳೆದ ಕೂಡಲೇ ಅಲ್ಲಿಯವರೆಗೆ ಕಾಣದಿದ್ದದ್ದು ಕಂಡಿತು. ಕಂಪ್ಯೂಟರಿನ ದುಡಿಮೆಯ ಬಹುಪಾಲು ಒಂದೇ ಮೂಲೆಯಲ್ಲಿ, ಅಂದರೆ ಕೆಳಗಿನ ಮಟ್ಟದ, ಸೂತ್ರಕ್ಕೆ ಸಿಗುವ ಕೆಲಸಗಳಲ್ಲಿ ಗುಂಪುಗೂಡಿತ್ತು. ಎಂಐಎಸ್ ಎಂಬ ಹೆಸರು ಹೊತ್ತ ವ್ಯವಸ್ಥೆಗಳು ನಿರ್ವಾಹಕರ ಕಠಿಣ ನಿರ್ಧಾರಗಳ ಹತ್ತಿರಕ್ಕೂ ಹೋಗಿರಲಿಲ್ಲ.

ಇದು ಒಳ್ಳೆಯ ಚೌಕಟ್ಟಿನ ಮೊದಲ ಗುಣ. ಅದು ಖಾಲಿ ಮನೆಯನ್ನು ತೋರಿಸುತ್ತದೆ. ರಾಶಿಯಲ್ಲಿ ಖಾಲಿ ಜಾಗ ಎಂಬುದಿಲ್ಲ. ಪಟ್ಟಿಯಲ್ಲಿ ಇರುತ್ತದೆ.

ಆ ದಶಕದಲ್ಲಿ ಇನ್ನಷ್ಟು ಪಟ್ಟಿಗಳು ಬಂದವು. 1973ರಲ್ಲಿ ಮೇಸನ್ ಮತ್ತು ಮಿಟ್ರಾಫ್, ಮಾಹಿತಿಯನ್ನು ಬಳಸುವ ಮನುಷ್ಯನ ಮನೋಧರ್ಮವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದರು. 1977ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಈ ಶಾಸ್ತ್ರದ್ದೇ ಆದ ತ್ರೈಮಾಸಿಕ ಹೊರಟಿತು. 1980ರಲ್ಲಿ ಐವ್ಸ್, ಹ್ಯಾಮಿಲ್ಟನ್ ಮತ್ತು ಡೇವಿಸ್ ಎಂಬ ಮೂವರು ಹಿಂದಿನ ಚೌಕಟ್ಟುಗಳನ್ನೆಲ್ಲ ಹರಡಿಕೊಂಡು, ಪರಿಸರ, ಪ್ರಕ್ರಿಯೆ, ಮಾಹಿತಿ ವ್ಯವಸ್ಥೆಯ ಲಕ್ಷಣಗಳು ಎಂಬ ಕಾಲಂಗಳ ದೊಡ್ಡ ಚೌಕಟ್ಟೊಂದನ್ನು ಕಟ್ಟಿದರು. ಕಟ್ಟಿ ಸುಮ್ಮನಾಗಲಿಲ್ಲ. 331 ಪಿಎಚ್‌ಡಿ ಪ್ರಬಂಧಗಳನ್ನು ಅದರಲ್ಲಿ ಹಂಚಿ ನೋಡಿದರು. ಅದೇ ವರ್ಷ ಪೀಟರ್ ಕೀನ್, ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕಟ್ಟುವ ಪರಂಪರೆಯೇ ಈ ಶಾಸ್ತ್ರಕ್ಕಿನ್ನೂ ಬಂದಿಲ್ಲವೆಂದು ಎಚ್ಚರಿಸಿದರು. ನಾವು ಕೊನೆಗೆ ಅಳೆಯುತ್ತಿರುವುದು ಏನನ್ನು ಎಂಬುದೇ ತೀರ್ಮಾನವಾಗಿಲ್ಲ ಎಂಬುದು ಅವರ ಆಕ್ಷೇಪ. ಅದಕ್ಕೆ ಉತ್ತರವಾಗಿ 1992ರಲ್ಲಿ ಡಿಲೋನ್ ಮತ್ತು ಮೆಕ್ಲೀನ್ 180 ಅಧ್ಯಯನಗಳನ್ನು ಸೋಸಿ, ಮಾಹಿತಿ ವ್ಯವಸ್ಥೆ ಗೆದ್ದಿದೆ ಎನ್ನಲು ಆರು ಅಳತೆಗೋಲುಗಳನ್ನು ಕೊಟ್ಟರು: ವ್ಯವಸ್ಥೆಯ ಗುಣಮಟ್ಟ, ಮಾಹಿತಿಯ ಗುಣಮಟ್ಟ, ಬಳಕೆ, ಬಳಕೆದಾರರ ತೃಪ್ತಿ, ವ್ಯಕ್ತಿಯ ಮೇಲಿನ ಪರಿಣಾಮ, ಸಂಸ್ಥೆಯ ಮೇಲಿನ ಪರಿಣಾಮ.

ಈ ಕಥೆಯನ್ನು ಹೊರದೇಶದ್ದೆಂದು ಬದಿಗಿಡುವಂತಿಲ್ಲ. ಅದರ ಒಂದೊಂದು ತಿರುವೂ ನಮ್ಮ ತಾಲ್ಲೂಕು ಕಚೇರಿಯಲ್ಲಿ ನಡೆದಿದೆ. ನನ್ನ ವಿದ್ಯಾರ್ಥಿನಿಯ ಅರವತ್ತು ಲೇಖನಗಳಲ್ಲಿ ಹೆಚ್ಚಿನವು ಹೇಳುವುದೂ ಅದನ್ನೇ.

ಕರ್ನಾಟಕದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ತರುವ ಪ್ರಯತ್ನ 1991ರಲ್ಲೇ ಪ್ರಾಯೋಗಿಕವಾಗಿ ಶುರುವಾಗಿತ್ತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ಸಿಕ್ಕಿತ್ತು. ಆದರೂ ರೈತನ ಕೈಗೆ ಏನೂ ತಲುಪಲಿಲ್ಲ. ಕಾರಣ ಸರಳ. ಪಹಣಿ ತಿದ್ದುಪಡಿಯಾಗುವುದು ತಾಲ್ಲೂಕಿನಲ್ಲಿ, ಕಂಪ್ಯೂಟರು ಇಡುವ ಏರ್ಪಾಡು ಆದದ್ದು ಜಿಲ್ಲೆಯಲ್ಲಿ. ಮೇಲೆ ದತ್ತಾಂಶ ತುಂಬುವಷ್ಟರಲ್ಲಿ ಕೆಳಗೆ ಹೊಲ ಕೈ ಬದಲಾಗಿರುತ್ತಿತ್ತು. ಆಂಟನಿಯ ಮೂರು ಮಟ್ಟಗಳ ಚಿತ್ರವನ್ನು ಗೋಡೆಗೆ ನೇತುಹಾಕಿದ್ದರೆ ಯಾರಿಗಾದರೂ ಕಾಣಬಹುದಾಗಿದ್ದ ತಪ್ಪು ಇದು. ಕೆಳಗಿನ ಮಟ್ಟದ ವಹಿವಾಟನ್ನು ನಡುಮಟ್ಟದಲ್ಲಿ ಹಿಡಿಯಲು ಹೊರಟಿದ್ದರು.

ಆಮೇಲೆ ಬಂದದ್ದು ‘ಭೂಮಿ’. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶ. 2000ದಿಂದ 2002ರ ನಡುವೆ ಸುಮಾರು ಎರಡು ಕೋಟಿ ಪಹಣಿಗಳು, 67 ಲಕ್ಷದಷ್ಟು ಭೂಮಾಲೀಕರ ಹೆಸರುಗಳು ಕಂಪ್ಯೂಟರಿಗೆ ಏರಿದವು. ಈ ಸಲ ಯಂತ್ರ ಕೂತದ್ದು ತಾಲ್ಲೂಕಿನಲ್ಲಿ. ಹದಿನೈದು ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ. ಸಿಬ್ಬಂದಿ ಬೆರಳಚ್ಚು ಕೊಡದೆ ದಾಖಲೆ ತಿದ್ದುವಂತಿಲ್ಲ. ಖಾತೆ ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲ ಸರದಿ. ಯಂತ್ರ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸಾರಿದರು. ಅಲ್ಲಿಯವರೆಗೆ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಚೀಲದಲ್ಲಿದ್ದ ಊರ ನೆಲದ ಲೆಕ್ಕ ಒಂದು ಕೌಂಟರಿನ ಆಚೆಗೆ ಹೋಯಿತು.

‘ಭೂಮಿ’ಯನ್ನು ನೋಡಲು ಸಂಶೋಧಕರ ದಂಡೇ ಬಂತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಜನರ ಕೈಯಲ್ಲೇ ಅಂಕಪಟ್ಟಿ ಬರೆಸಿತು. ಎಷ್ಟು ಹೊತ್ತು ಕಾದಿರಿ, ಎಷ್ಟು ಸಲ ಅಲೆದಿರಿ, ಲಂಚ ಕೊಟ್ಟಿರಾ, ದಾಖಲೆಯಲ್ಲಿ ತಪ್ಪಿತ್ತೇ? ಕಾಯುವಿಕೆಯೂ ಲಂಚವೂ ಬಹಳ ಕಡಿಮೆಯಾಗಿವೆ ಎಂಬ ಉತ್ತರ ಬಂತು. ಸೇವೆಯ ಚೌಕಟ್ಟಿನಲ್ಲಿ ಇಟ್ಟ ‘ಭೂಮಿ’ ಜಗತ್ತಿಗೆ ಮಾದರಿಯಾಯಿತು.

ಮ್ಯಾಂಚೆಸ್ಟರಿನ ರಿಚರ್ಡ್ ಹೀಕ್ಸ್ ಅದೇ ಸುಮಾರಿಗೆ ಇನ್ನೊಂದು ಚೌಕಟ್ಟು ಕೊಟ್ಟಿದ್ದರು. ಯೋಜನೆ ಮಾಡಿದವರು ಕಲ್ಪಿಸಿಕೊಂಡ ಲೋಕಕ್ಕೂ ಕಚೇರಿಯ ನಿಜಕ್ಕೂ ನಡುವಿನ ಅಂತರವನ್ನು ಏಳು ಕಾಲಂಗಳಲ್ಲಿ ಅಳೆಯುವುದು ಅದರ ರೀತಿ: ಮಾಹಿತಿ, ತಂತ್ರಜ್ಞಾನ, ಕಾರ್ಯವಿಧಾನ, ಉದ್ದೇಶ ಮತ್ತು ಮೌಲ್ಯ, ಸಿಬ್ಬಂದಿ ಮತ್ತು ಕೌಶಲ, ಆಡಳಿತದ ರಚನೆ, ಹಣ ಮತ್ತು ಸಮಯದಂಥ ಉಳಿದ ಸಂಪನ್ಮೂಲ. ಅಂತರ ಹೆಚ್ಚಿದಷ್ಟೂ ಯೋಜನೆ ಬೀಳುವ ಸಾಧ್ಯತೆ ಹೆಚ್ಚು. 1991ರ ಪ್ರಯತ್ನ ಏಕೆ ಎಡವಿತು, ‘ಭೂಮಿ’ ಏಕೆ ನಿಂತಿತು ಎಂದು ಅಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ಹದವಾದ ಪಟ್ಟಿ ಸಿಗುವುದು ಕಷ್ಟ. ಅಮಿತ್ ಪ್ರಕಾಶ್ ಮತ್ತು ರಾಹುಲ್ ಡೇ 2007ರ ಲೇಖನವೊಂದರಲ್ಲಿ ಪ್ರಶ್ನೆಯನ್ನು ಇನ್ನೊಂದು ಮೆಟ್ಟಿಲು ಹಿಂದಕ್ಕೆ ಒಯ್ದರು. ಭೂದಾಖಲೆಗಳ ಗಣಕೀಕರಣವನ್ನು ಅಭಿವೃದ್ಧಿಯ ಸಂದರ್ಭದಲ್ಲಿಟ್ಟು ನೋಡಬೇಕೆಂಬುದು ಅವರ ನಿಲುವು.

ಅದೇ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಅಂಚಿನ ಹಳ್ಳಿಗಳಿಂದ ಬೇರೆಯದೇ ‘ಭೂಮಿ’ಯನ್ನು ತಂದರು. ಅವರ ಕೈಯಲ್ಲಿದ್ದದ್ದು ಸೇವೆಯ ಚೌಕಟ್ಟಲ್ಲ, ಅಧಿಕಾರದ್ದು. ಲೆಸೊಥೊ ದೇಶದ ಅಭಿವೃದ್ಧಿ ಯೋಜನೆಗಳ ಬಗ್ಗೆ ಮಾನವಶಾಸ್ತ್ರಜ್ಞ ಜೇಮ್ಸ್ ಫರ್ಗುಸನ್ ಬಳಸಿದ್ದ ಒಂದು ಕಲ್ಪನೆಯನ್ನು ಅವರು ಇಲ್ಲಿಗೆ ತಂದರು. ರಾಜಕೀಯ ಪ್ರಶ್ನೆಯನ್ನು ತಾಂತ್ರಿಕ ಪ್ರಶ್ನೆಯಾಗಿ ಕಾಣಿಸುವ ಯಂತ್ರ ಎಂಬ ಕಲ್ಪನೆ ಅದು. ಊರ ಮಟ್ಟದಲ್ಲಿ ಹರಡಿಕೊಂಡಿದ್ದ ನೆಲದ ಮಾಹಿತಿ ಒಂದೆಡೆ ಸೇರಿದಾಗ ಅದರ ಲಾಭ ಸಣ್ಣ ರೈತನಿಗಿಂತ ದೊಡ್ಡ ಕೊಳ್ಳುಗರಿಗೆ ಹೆಚ್ಚು ಸಿಕ್ಕಿತು ಎಂಬುದು ಅವರ ವಾದ. ಅವರ ಪ್ರಕಾರ ಲಂಚವೂ ನಿಂತಿರಲಿಲ್ಲ, ಅದು ಏರುವ ಮೆಟ್ಟಿಲು ಬದಲಾಗಿತ್ತು.

ಒಂದೇ ಯೋಜನೆ. ಒಬ್ಬರು ಗೆಲುವು ಎನ್ನುತ್ತಾರೆ, ಇನ್ನೊಬ್ಬರು ಅನ್ಯಾಯ ಎನ್ನುತ್ತಾರೆ. ನನ್ನ ವಿದ್ಯಾರ್ಥಿನಿ ತನ್ನ ಕರಡಿನಲ್ಲಿ ಇಬ್ಬರನ್ನೂ ಒಂದರ ಕೆಳಗೊಂದು ಬರೆದು, ಈ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ ಎಂದು ಮುಗಿಸಿದ್ದಳು. ಇದು ಭಿನ್ನಾಭಿಪ್ರಾಯವಲ್ಲ. ಒಬ್ಬರು ಕೌಂಟರಿನ ಮುಂದೆ ನಿಂತು ಸರದಿಯನ್ನು ನೋಡಿದ್ದಾರೆ. ಇನ್ನೊಬ್ಬರು ಹೊಲದಲ್ಲಿ ನಿಂತು ಅದು ಯಾರ ಕೈ ಸೇರಿತು ಎಂದು ನೋಡಿದ್ದಾರೆ. ಸಾಲು ಬೇರೆ, ಕಾಲಂ ಬೇರೆ. ಇಬ್ಬರೂ ತಮ್ಮ ತಮ್ಮ ಪ್ರಶ್ನೆಗೆ ಉತ್ತರಿಸಿದ್ದಾರೆ. ಅವರನ್ನು ಒಂದು ಪಟ್ಟಿಯಲ್ಲಿ ಕೂರಿಸಿದಾಗ ಮಾತ್ರ ಯಾರ ಪ್ರಶ್ನೆ ಎಲ್ಲಿ ನಿಲ್ಲುತ್ತದೆ ಎಂಬುದು ಕಾಣುತ್ತದೆ.

ಇದನ್ನು ನಾನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಒಂದು ಹಳೆಯ ಋಣವಿದೆ.

ನಾನು ಎಂಬಿಎ ಓದುತ್ತಿದ್ದಾಗ ‘ಭೂಮಿ’ ಹೊಸದು. ಕಿರುಪ್ರಬಂಧಕ್ಕೆ ಅದನ್ನೇ ಆರಿಸಿಕೊಂಡು ಒಂದು ತಾಲ್ಲೂಕು ಕಚೇರಿಯ ಮುಂದೆ ಪ್ರಶ್ನಾವಳಿ ಹಿಡಿದು ಕೂತಿದ್ದೆ. ನನ್ನ ಚೌಕಟ್ಟು ಬಳಕೆದಾರರ ತೃಪ್ತಿ. ಕಾದ ಸಮಯ, ಕೊಟ್ಟ ಹಣ, ಸಿಬ್ಬಂದಿಯ ನಡವಳಿಕೆ, ಒಟ್ಟು ಸಮಾಧಾನ. ಒಂದು ಮಧ್ಯಾಹ್ನ ಒಬ್ಬ ಹೆಂಗಸು ಕೌಂಟರಿನಿಂದ ಈಚೆ ಬಂದರು. ಅರವತ್ತರ ಆಸುಪಾಸು, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಚಿಲ್ಲರೆ. ಲಂಚ ಕೇಳಿದರಾ ಅಂದೆ. ಇಲ್ಲ ಅಂದರು. ಸರಿಯಾಗಿ ಮಾತಾಡಿಸಿದರಾ ಅಂದೆ. ಹೂಂ ಅಂದರು. ಎಷ್ಟು ಹೊತ್ತು ಕಾದಿರಿ ಅಂದೆ. ‘ಕಾಯೋದೇನೈತಪ್ಪ, ಬಿರ್ನೆ ಯೋಳ್ಬುಟ್ರು. ನನ್ನೆಸ್ರಿಲ್ಲ ಅಂತ.’

ನಿಧಾನವಾಗಿ ಕೇಳಿದ ಮೇಲೆ ತಿಳಿಯಿತು. ಅವರೂ ಅವರ ಗಂಡನೂ ಒಬ್ಬರ ಹೊಲವನ್ನು ಬಹಳ ವರ್ಷ ವಾರಕ್ಕೆ ಮಾಡಿಕೊಂಡಿದ್ದರು. ಬೆಳೆದದ್ದರಲ್ಲಿ ಅರ್ಧ ಒಡೆಯರಿಗೆ, ಅರ್ಧ ಇವರಿಗೆ. ಕಾಗದ ಪತ್ರ ಏನೂ ಇಲ್ಲ. ಗಂಡ ತೀರಿಕೊಂಡಿದ್ದರು. ಒಡೆಯರು ಹೊಲ ಮಾರಿದ್ದರು. ಕಂಪ್ಯೂಟರು ಬಂದಿದೆ, ಅದರಲ್ಲಿ ಎಲ್ಲ ಇರುತ್ತದಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಉಳುಮೆ ಮಾಡಿದವರ ಹೆಸರಿನಲ್ಲಿ ತಮ್ಮದೂ ಇದೆಯೇ ಎಂದು ನೋಡಿಸಲು ಬಂದಿದ್ದರು.

ನಾನು ಪ್ರಶ್ನಾವಳಿ ತುಂಬಿದೆ. ಕಾದ ಸಮಯ ಕಡಿಮೆ, ಲಂಚ ಇಲ್ಲ, ನಡವಳಿಕೆ ಉತ್ತಮ. ನನ್ನ ಲೆಕ್ಕದಲ್ಲಿ ಅವರು ತೃಪ್ತ ಬಳಕೆದಾರರಾದರು. ಅವರ ಮಾತನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದೆ. ಪ್ರಬಂಧಕ್ಕೆ ಸೇರಿಸಲಿಲ್ಲ. ಯಾವ ಬಾಕ್ಸಿಗೆ ಹಾಕುವುದೆಂದು ತಿಳಿಯಲಿಲ್ಲ. ಬೈಂಡ್ ಮಾಡಿಸಿ ಕೊಟ್ಟೆ, ಒಳ್ಳೆಯ ಅಂಕವೇ ಬಂತು.

ಅಲ್ಲಿ ತಪ್ಪು ಯಾರದು? ಕೌಂಟರಿನಲ್ಲಿದ್ದವರದ್ದಲ್ಲ. ಅವರು ಇದ್ದದ್ದನ್ನು ಇದ್ದಂತೆ, ಮರ್ಯಾದೆಯಿಂದ ಹೇಳಿದರು. ‘ಭೂಮಿ’ಯದ್ದೂ ಅಲ್ಲ. ಅದು ಕಾಗದದಲ್ಲಿದ್ದುದನ್ನು ಯಂತ್ರಕ್ಕೆ ತಂದಿತು. ಆ ಹೆಂಗಸಿನ ಹೆಸರು ಏಕಿರಲಿಲ್ಲ ಎಂಬುದನ್ನು ತಿಳಿಯಲು ಹನ್ನೆರಡನೇ ಕಾಲಂನ ಇತಿಹಾಸಕ್ಕೆ ಹೋಗಬೇಕು.

ಪಹಣಿಯ ಇಂಗ್ಲಿಷ್ ಹೆಸರನ್ನು ಬಿಡಿಸಿದರೆ ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆ ಎಂದಾಗುತ್ತದೆ. ಗೇಣಿದಾರನಿಗೆ ಅದರಲ್ಲಿ ಜಾಗವಿತ್ತು. ಒಡೆಯ ಒಂಬತ್ತನೇ ಕಾಲಂನಲ್ಲಿ, ಉಳುವವನು ಹನ್ನೆರಡರಲ್ಲಿ. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನು ಸರ್ಕಾರದಲ್ಲಿ ವಿಹಿತವಾಯಿತು. ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಆಗ ಆ ಹನ್ನೆರಡನೇ ಕಾಲಂ ಎಷ್ಟೋ ಮನೆಗಳ ಹಣೆಬರಹವಾಯಿತು. 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಹಕ್ಕು ದಾಖಲೆಯ ನಮೂದನ್ನು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಭಾವಿಸಬೇಕು. ಹೊಲಕ್ಕೆ ಹೋಗಿ ನೋಡಿ ಬರೆದ ಒಬ್ಬ ಲೆಕ್ಕಿಗನ ಅಕ್ಷರ ಒಂದು ಕುಟುಂಬಕ್ಕೆ ನೆಲವಾಯಿತು. ನೋಡದೆ ಬರೆದ, ಅಥವಾ ನೋಡಿಯೂ ಬರೆಯದ ಕಡೆ ನೆಲ ಹೋಯಿತು.

ಕಾನೂನು ಗೇಣಿಯನ್ನು ರದ್ದು ಮಾಡಿತು. ಸೈನಿಕರಂಥ ಕೆಲವರಿಗೆ ಬಿಟ್ಟರೆ, ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಹಾಗಾಗಿ ಹನ್ನೆರಡನೇ ಕಾಲಂನಲ್ಲಿ ಗೇಣಿದಾರ ಇರಬೇಕಾದ ಅಗತ್ಯವೂ ತೀರಿತು. ಆದರೆ ವಾರಕ್ಕೆ ಕೊಡುವುದು ನಿಲ್ಲಲಿಲ್ಲ, ಅದು ಬಾಯಿಮಾತಿಗೆ ಇಳಿಯಿತು. ಕಾಲಂ ಉಳಿಯಿತು, ಅದರೊಳಗಿನ ಮನುಷ್ಯ ಹೊರಗೆ ಬಿದ್ದ. ಆ ಹೆಂಗಸು ಹುಡುಕಿಕೊಂಡು ಬಂದದ್ದು ಆ ಜಾಗವನ್ನೇ. ನನ್ನ ಪ್ರಶ್ನಾವಳಿಯಲ್ಲೂ ಅವರಿಗೆ ಜಾಗವಿರಲಿಲ್ಲ. ಹೀಗೆ ಎರಡು ಚೌಕಟ್ಟುಗಳು ಒಂದೇ ಮಧ್ಯಾಹ್ನ ಅವರನ್ನು ಹೊರಗೆ ಬಿಟ್ಟವು. ಒಂದು ಸರ್ಕಾರದ್ದು, ಇನ್ನೊಂದು ನನ್ನದು. ಸರ್ಕಾರದ್ದಕ್ಕೆ ಕಾನೂನಿನ ಕಾರಣವಾದರೂ ಇತ್ತು.

ಹಾಗಾದರೆ ಚೌಕಟ್ಟು ಬಿಸಾಡಿ, ಸುಮ್ಮನೆ ಹೋಗಿ ಕಣ್ಣುಬಿಟ್ಟು ನೋಡಿ ಬರೋಣ ಎನ್ನುವವರಿದ್ದಾರೆ. ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ. ಹನ್ನೆರಡನೇ ಕಾಲಂ ಎಂಬುದೇ ಇಲ್ಲದಿದ್ದರೆ 1974ರಲ್ಲಿ ಉಳುವವರು ಏನನ್ನು ಹಿಡಿದು ನ್ಯಾಯಮಂಡಳಿಯ ಮುಂದೆ ನಿಲ್ಲುತ್ತಿದ್ದರು? ಕಾಲಂ ಇದ್ದದ್ದರಿಂದಲೇ ಹಕ್ಕು ಕೇಳಲು ಬಾಯಿ ಬಂತು. ಹಾಗೆಯೇ, ಗೋರಿ ಮತ್ತು ಸ್ಕಾಟ್ ಮಾರ್ಟನ್ ಪಟ್ಟಿ ಎಳೆಯದಿದ್ದರೆ ಆ ಖಾಲಿ ಮನೆಗಳು ಕಾಣುತ್ತಿರಲಿಲ್ಲ. ಚೌಕಟ್ಟಿಲ್ಲದೆ ನೋಡುತ್ತೇನೆ ಎನ್ನುವವನ ಬಳಿಯೂ ಒಂದು ಚೌಕಟ್ಟಿರುತ್ತದೆ, ಅದು ಅವನಿಗೆ ಗೊತ್ತಿರುವುದಿಲ್ಲ ಅಷ್ಟೆ. ಬರೆದಿಟ್ಟ ಪಟ್ಟಿಯನ್ನು ಇನ್ನೊಬ್ಬರು ತಿದ್ದಬಹುದು. ತಲೆಯೊಳಗಿನದನ್ನು ಯಾರೂ ತಿದ್ದಲಾರರು.

ನನ್ನ ತಪ್ಪು ತೃಪ್ತಿಯ ಚೌಕಟ್ಟನ್ನು ಬಳಸಿದ್ದಲ್ಲ. ಅದು ಕೇವಲ ಒಂದು ಪ್ರಶ್ನೆ ಎಂಬುದನ್ನು ಮರೆತದ್ದು. ಕೌಂಟರಿಗೆ ಬಂದವರ ಅನುಭವವನ್ನು ಅಳೆಯುವ ಪಟ್ಟಿ ಕೌಂಟರಿಗೆ ಬಂದೂ ದಾಖಲೆಯಲ್ಲಿಲ್ಲದವರ ಬಗ್ಗೆ ಏನೂ ಹೇಳಲಾರದು ಎಂಬ ಒಂದು ವಾಕ್ಯ ನನ್ನ ಪ್ರಬಂಧದಲ್ಲಿ ಇರಬೇಕಿತ್ತು. ಆ ಪೆನ್ಸಿಲ್ ಟಿಪ್ಪಣಿಯಿಂದ ಆ ವಾಕ್ಯಕ್ಕೆ ದಾರಿಯೂ ಇತ್ತು.

ಮುಂದಿನ ವಾರ ವಿದ್ಯಾರ್ಥಿನಿ ಬಂದಾಗ ನಾವಿಬ್ಬರೂ ಒಂದು ದೊಡ್ಡ ಹಾಳೆ ಹರಡಿಕೊಂಡೆವು. ವೆಬ್‌ಸ್ಟರ್ ಮತ್ತು ವಾಟ್ಸನ್ 2002ರಲ್ಲಿ ಎಂಐಎಸ್ ಸಂಶೋಧಕರಿಗೆ ಸೂಚಿಸಿದ ರೀತಿಯಿದು. ಲೇಖಕರ ಹೆಸರು ಹಿಡಿದು ಬರೆಯಬೇಡಿ, ಪರಿಕಲ್ಪನೆ ಹಿಡಿದು ಬರೆಯಿರಿ ಎಂಬುದು ಅದರ ಸಾರ. ಸಾಲಿಗೊಂದು ಲೇಖನ, ಕಾಲಂಗೊಂದು ಪರಿಕಲ್ಪನೆ. ಅವಳು ತನ್ನ ಲೇಖನಗಳನ್ನು ಒಂದೊಂದಾಗಿ ಇಳಿಸುತ್ತಾ ಹೋದಳು. ಯಾವ ಮಟ್ಟ: ತಾಲ್ಲೂಕೋ, ಜಿಲ್ಲೆಯೋ, ಊರೋ? ಯಾರನ್ನು ಕೇಳಿದ್ದಾರೆ: ಅಧಿಕಾರಿಯನ್ನೋ, ಖಾತೆದಾರನನ್ನೋ, ಮಧ್ಯವರ್ತಿಯನ್ನೋ? ಏನನ್ನು ಅಳೆದಿದ್ದಾರೆ: ಸಮಯ, ಹಣ, ತಪ್ಪು, ಅಧಿಕಾರ, ನೆಲದ ಕೈಬದಲು? ಗಂಟೆ ಒಂಬತ್ತೂವರೆ ಆಗುವಷ್ಟರಲ್ಲಿ ಹಾಳೆ ಗುರುತುಗಳಿಂದ ತುಂಬಿತ್ತು. ಸೇವೆಯ ಕಾಲಂಗಳ ಕೆಳಗೆ ಗುರುತುಗಳ ಗುಂಪು. ಬಲಗಡೆಗೆ ಹೋದಂತೆ ವಿರಳ.

ಆಗ ಅವಳಿಗೆ ಇನ್ನೊಂದು ಕಾಲಂ ಎಳೆಯಲು ಹೇಳಿದೆ. ತಲೆಬರಹ: ಖಾತೆ ಇಲ್ಲದವರು. ವಾರಕ್ಕೆ ಮಾಡುವವರು, ಪಾಲಾಗದ ಆಸ್ತಿಯ ಹೆಣ್ಣುಮಕ್ಕಳು, ಬಾಯಿಮಾತಿನಲ್ಲಿ ನೆಲ ಹಿಡಿದವರು. ಅವಳು ಮೇಲಿನಿಂದ ಕೆಳಗೆ ಬೆರಳಾಡಿಸಿದಳು. ತಂದಿದ್ದ ಲೇಖನಗಳಲ್ಲಿ ಎರಡು ಮೂರಕ್ಕೆ ಮಾತ್ರ ಗುರುತು ಬಿತ್ತು. ‘ಇದು ಖಾಲಿ ಇದೆ ಸಾರ್, ತೆಗೆದುಬಿಡಲಾ?’ ಅಂದಳು. ಬೇಡ ಅಂದೆ. ನಿನ್ನ ಪ್ರಬಂಧ ಶುರುವಾಗುವುದು ಅಲ್ಲಿಂದ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಮನೆಯ ಮಾತು ತೆಗೆದಳು. ಅವಳ ತಾತನ ಹೆಸರಿನಲ್ಲಿ ಹತ್ತು ಗುಂಟೆ ಇದೆ, ಖಾತೆ ಇನ್ನೂ ಬದಲಾಗಿಲ್ಲ. ಪಕ್ಕದವರು ಗೋದಾಮಿಗೆ ಕೊಟ್ಟಿದ್ದಾರೆ, ಇವರನ್ನೂ ಕೇಳುತ್ತಿದ್ದಾರೆ. ಸಹಿ ಹಾಕಬೇಕಾದವರ ಪಟ್ಟಿಯಲ್ಲಿ ಅವಳ ಅತ್ತೆಯರ ಹೆಸರು ಬರುತ್ತದೋ ಇಲ್ಲವೋ ಎಂದು ಮನೆಯಲ್ಲಿ ಜಗಳ. ಇದನ್ನು ಕಿರುಪ್ರಬಂಧಕ್ಕೆ ಸೇರಿಸಬಹುದೇ ಎಂದು ಕೇಳಲಿಲ್ಲ. ಆದರೆ ಖಾಲಿ ಕಾಲಂನ ತಲೆಬರಹದ ಪಕ್ಕ ಚಿಕ್ಕದಾಗಿ ‘ಅತ್ತೆಯರು’ ಎಂದು ಬರೆದುಕೊಂಡಳು.

ಈಗ ಮಾದಾವರದವರೆಗೆ ಮೆಟ್ರೊ ಬಂದಿದೆ. 2024ರ ನವೆಂಬರಿನಿಂದ ರೈಲು ಓಡುತ್ತಿದೆ. ರೈಲು ಹತ್ತಿರ ಬಂದ ಮೇಲೆ ಇಲ್ಲಿನ ನೆಲದ ಬಗ್ಗೆ ವಿಚಾರಿಸುವವರು ಇನ್ನೂ ಹೆಚ್ಚಿದ್ದಾರೆ. ಕೃಷಿ ಜಮೀನಿದ್ದರೆ ಪಹಣಿ ‘ಭೂಮಿ’ಯಲ್ಲಿ, ನೋಂದಣಿಯಾದರೆ ಪತ್ರ ‘ಕಾವೇರಿ’ಯಲ್ಲಿ, ಪಂಚಾಯಿತಿಯ ನಿವೇಶನವಾದರೆ ದಾಖಲೆ ‘ಇ-ಸ್ವತ್ತು’ವಿನಲ್ಲಿ. ಒಂದೇ ಗುಂಟೆ ನೆಲ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ದಾಟುತ್ತದೆ. ದಾಟುವಾಗಲೆಲ್ಲ ಯಾರಾದರೊಬ್ಬರು ಜಾರಿ ಬೀಳಬಹುದು. ಇವುಗಳ ಬಗ್ಗೆ ಬರೆಯುವವರು ಮುಂದೆಯೂ ಬರುತ್ತಾರೆ, ಅವರಲ್ಲಿ ಕೆಲವರು ನನ್ನ ತರಗತಿಯಿಂದಲೇ ಹೋಗುತ್ತಾರೆ. ಪಟ್ಟಿ ಎಳೆಯುವುದನ್ನು ಅವರಿಗೆ ಕಲಿಸುತ್ತೇನೆ. ಎಳೆದ ಮೇಲೆ ಹೊಲಕ್ಕೊಮ್ಮೆ ಹೋಗಿ ಬನ್ನಿ ಎಂದೂ ಹೇಳುತ್ತೇನೆ. ಪಹಣಿ ಎಂದರೆ ಅದೇ ತಾನೇ.